ಕೊಯ್ಲಿನ ದಿನ ನಾಡಿ ಎಣಿಸುವುದು

ಅಡಿಕೆ ಕೊಯ್ಲು ಅಂದರೆ ಎಲ್ಲರ ಕಣ್ಣೂ ಮರದ ತುದಿಗೆ ಹೋಗುತ್ತದೆ. ಬೀಳುವ ಭಯ ಇರುವುದು ಅಲ್ಲಿ, ಅದು ಸರಿಯೇ. ಆದರೆ ಹೃದಯದ ಮೇಲೆ ಬೀಳುವ ಹೊರೆಯ ಲೆಕ್ಕ ಹಿಡಿಯಲು ಹೊರಟವರು ಮರ ಬಿಟ್ಟು ದಾರಿ ನೋಡಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ತೋಟ ಇರುವುದು ಕಣಿವೆಯಲ್ಲಿ, ಮನೆ ಅಂಗಳ ದಿಬ್ಬದ ಮೇಲೆ. ಕೊಯ್ದ ಗೊನೆ ಅಷ್ಟೂ ಯಾರದೋ ತಲೆ ಮೇಲೋ ಹೆಗಲ ಮೇಲೋ ಏರು ಹತ್ತಿ ಬರಬೇಕು. ಮರ ಹತ್ತಿದವನು ತುದಿಯಲ್ಲಿ ಕೂತು ನಾಲ್ಕು ಉಸಿರು ಎಳೆದುಕೊಳ್ಳುತ್ತಾನೆ. ಹೊರೆ ಹೊತ್ತು ಅರ್ಧ ದಾರಿಯಲ್ಲಿರುವವನಿಗೆ ಆ ಅವಕಾಶವಿಲ್ಲ, ಇಳಿಸಿದರೆ ಮತ್ತೆ ಎತ್ತುವವರು ಯಾರು?

ಒಂದು ಕೊಯ್ಲಿನ ದಿನವನ್ನು ಬೆಳಗಿನಿಂದ ಮಾರನೆ ಬೆಳಗಿನವರೆಗೆ ನಾಡಿ ಎಣಿಸುತ್ತ ಹಿಂಬಾಲಿಸುವ ಕ್ರಮವನ್ನು ಇಲ್ಲಿ ಬರೆದಿದ್ದೇವೆ. ಬೇಕಾಗುವ ಸಾಮಾನು ಕಡಿಮೆ. ಸೆಕೆಂಡಿನ ಮುಳ್ಳಿರುವ ಕೈಗಡಿಯಾರ, ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮಿಷನ್, ಕೊಕ್ಕೆಗೆ ನೇತುಹಾಕುವ ತೂಕದ ಮಿಷನ್, ಒಂದು ನೋಟ್‌ಬುಕ್. ಮಣಿಕಟ್ಟಿಗೆ ಕಟ್ಟುವ ಬಿಪಿ ಮಿಷನ್ ಬೇಡ. ಕೈ ಎದೆಯ ಮಟ್ಟದಿಂದ ಕೆಳಗಿಳಿದರೆ ಅದು ಹೆಚ್ಚು ತೋರಿಸುತ್ತದೆ, ಮೇಲೇರಿದರೆ ಕಡಿಮೆ.

ಇಷ್ಟೆಲ್ಲ ಯಾಕೆ ಎಂಬ ಪ್ರಶ್ನೆ ಮೊದಲ ದಿನವೇ ಬರುತ್ತದೆ. ಮೈಮುರಿದು ದುಡಿಯುವವರಿಗೆ ಹಾರ್ಟಿನ ತೊಂದರೆ ಬರುವುದಿಲ್ಲ, ಅದೇನಿದ್ದರೂ ಶಿವಮೊಗ್ಗದಲ್ಲಿ ಕುರ್ಚಿ ಮೇಲೆ ಕೂತವರಿಗೆ ಅನ್ನುವ ನಂಬಿಕೆ ಗಟ್ಟಿಯಾಗಿದೆ. ಅದು ಬರೀ ಮೂಢನಂಬಿಕೆಯೂ ಅಲ್ಲ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ಡ್ರೈವರು, ಕಂಡಕ್ಟರುಗಳನ್ನು ಹೋಲಿಸಿ ನೋಡಿದ್ದರು. ದಿನವಿಡೀ ಕೂತಿರುವ ಡ್ರೈವರಿಗಿಂತ ದಿನಕ್ಕೆ ಐನೂರು, ಆರುನೂರು ಮೆಟ್ಟಿಲು ಹತ್ತಿಳಿಯುವ ಕಂಡಕ್ಟರಿಗೆ ಹೃದಯದ ರಕ್ತನಾಳದ ಕಾಯಿಲೆ ಕಡಿಮೆಯಿತ್ತು. ಬಂದರೂ ತಡವಾಗಿ, ಅಷ್ಟು ಮಾರಕವಲ್ಲದೆ ಬರುತ್ತಿತ್ತು. ಕೆಲಸಕ್ಕೂ ಹೃದಯಕ್ಕೂ ನಂಟು ಹುಡುಕಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಅದು ಒಂದು.

ಆಮೇಲೆ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ. ಡೆನ್ಮಾರ್ಕಿನಲ್ಲಿ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಜೊತೆಗಾರರು ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಸುಮಾರು ಹತ್ತು ವರ್ಷ ಹಿಂಬಾಲಿಸಿ 2021ರಲ್ಲಿ ವರದಿ ಕೊಟ್ಟರು. ಬಿಡುವಿನ ವೇಳೆಯ ನಡಿಗೆ, ಆಟ, ಸೈಕಲ್ ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯ ಇಳಿಸುವುದರ ಜೊತೆಗೆ ಕಾಣಿಸಿದರೆ, ಕೆಲಸದಲ್ಲಿನ ಅತಿ ಹೆಚ್ಚು ದೈಹಿಕ ಶ್ರಮ ಅಪಾಯ ಏರುವುದರ ಜೊತೆಗೆ ಕಾಣಿಸಿತು. ಅದೇ ವರ್ಷ ನಾರ್ವೆಯ ಇನ್ನೊಂದು ದೊಡ್ಡ ಅಧ್ಯಯನ ಬೇರೆ ಮಾತು ಹೇಳಿತು. ಓದು, ವರಮಾನ, ಬೀಡಿ ಸಿಗರೇಟು ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ಮೇಲೆ, ಓಡಾಟದ ಕೆಲಸದ ಗಂಡಸರ ಆಯುಷ್ಯ ಕೂತು ಕೆಲಸ ಮಾಡುವವರಿಗಿಂತ ಕಡಿಮೆಯೇನಿರಲಿಲ್ಲ, ಒಂದಿಷ್ಟು ಹೆಚ್ಚೇ ಇತ್ತು. ಜಗಳ ಮುಗಿದಿಲ್ಲ. ನಮಗೆ ಉಪಯೋಗಕ್ಕೆ ಬರುವುದು ಈ ಜಗಳದ ತೀರ್ಪಲ್ಲ, ಅದರಲ್ಲಿ ಎದ್ದು ಬಂದ ಕಾರಣಗಳು. ನಡಿಗೆಗೆ ಹೋದವನು ಮುಕ್ಕಾಲು ಗಂಟೆಯಲ್ಲಿ ಮನೆಗೆ ಬರುತ್ತಾನೆ, ಸುಸ್ತಾದರೆ ನಿಲ್ಲುತ್ತಾನೆ. ಕೂಲಿಗೆ ಹೋದವನು ಎಂಟು ಗಂಟೆ ನಿಲ್ಲುವಂತಿಲ್ಲ. ನಡಿಗೆಯಲ್ಲಿ ಸ್ನಾಯು ಬಿಗಿದು ಸಡಿಲವಾಗುತ್ತ ಹೋಗುತ್ತದೆ. ಹೊರೆ ಹಿಡಿದ ಕೈ, ಕತ್ತು, ಸೊಂಟ ಬಿಗಿದೇ ಇರುತ್ತದೆ, ಬಿಪಿ ಏರಿಯೇ ಇರುತ್ತದೆ. ನಾಳೆ ಮತ್ತೆ ಅದೇ. ಹೀಗೆ ಇಪ್ಪತ್ತನಾಲ್ಕು ಗಂಟೆಯ ಸರಾಸರಿ ನಾಡಿ ಮತ್ತು ಬಿಪಿ ಮೇಲೆಯೇ ಉಳಿಯುತ್ತದೆ.

ಆದ್ದರಿಂದ ಅಳೆಯಬೇಕಾದ್ದು ಎರಡು: ಕೆಲಸ ನಾಡಿಯನ್ನು ಎಷ್ಟು ಏರಿಸಿತು, ನಿಲ್ಲಿಸಿದ ಮೇಲೆ ಅದು ಎಷ್ಟು ಬೇಗ ಇಳಿಯಿತು. ನಮ್ಮ ಅನುಭವದಲ್ಲಿ ಎರಡನೆಯದೇ ಹೆಚ್ಚು ಮಾತಾಡುತ್ತದೆ.

ಬೆಳಗಿನ ಅಳತೆ ಚಹಾಕ್ಕೂ ಮುಂಚೆ, ಕವಳಕ್ಕೂ (ಎಲೆಯಡಿಕೆಗೂ) ಮುಂಚೆ. ಹಾಸಿಗೆಯಿಂದ ಎದ್ದು, ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಐದು ನಿಮಿಷ ಸುಮ್ಮನೆ ಕೂರಬೇಕು. ಪಾದ ನೆಲಕ್ಕೆ ಊರಿರಬೇಕು, ಕಾಲ ಮೇಲೆ ಕಾಲು ಬೇಡ, ತೋಳು ಎದೆಯ ಮಟ್ಟದಲ್ಲಿ ಮೇಜಿನ ಮೇಲಿರಲಿ. ಜಗುಲಿ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಅಳೆದರೆ ಲೆಕ್ಕ ಹೆಚ್ಚು ಬರುತ್ತದೆ. ಪಟ್ಟಿಯನ್ನು ಅಂಗಿ ತೋಳಿನ ಮೇಲೆ ಕಟ್ಟುವುದು, ಅಳೆಯುವಾಗ ಕೆಲಸದ ಮಾತಾಡುವುದು, ಇವೆರಡೂ ಎಲ್ಲ ಮನೆಯಲ್ಲೂ ಆಗುವ ತಪ್ಪು. ಹೊರೆ ಹೊತ್ತು ದಪ್ಪಗಾದ ತೋಳಿಗೆ ಸಾಮಾನ್ಯ ಪಟ್ಟಿ ಚಿಕ್ಕದಾಗುತ್ತದೆ, ಆಗಲೂ ಬಿಪಿ ಸುಳ್ಳೇ ಹೆಚ್ಚು ಕಾಣುತ್ತದೆ. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆದು ಎರಡನ್ನೂ ಬರೆದುಕೊಳ್ಳಿ. ಮನೆಯಲ್ಲಿ ಅಳೆದಾಗ ದಿನವೂ 135/85ರ ಮೇಲೆ ಬರುತ್ತಿದ್ದರೆ ಅದು ಬಿಪಿಯೇ, ಡಾಕ್ಟರಿಗೆ ತೋರಿಸಬೇಕು. 180/110 ಮುಟ್ಟಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ನೋಡಿ. ಇಳಿಯದಿದ್ದರೆ ಆ ದಿನ ಮರವೂ ಇಲ್ಲ, ಹೊರೆಯೂ ಇಲ್ಲ, ಆಸ್ಪತ್ರೆ.

ಡಿಸೆಂಬರ್ ಜನವರಿಯ ಬೆಳಗಿನಲ್ಲಿ ಇನ್ನೊಂದು ವಿಷಯವಿದೆ. ಚಳಿಗೆ ಚರ್ಮದ ರಕ್ತನಾಳ ಕಿರಿದಾಗಿ ಬಿಪಿ ಏರುತ್ತದೆ. ಇಬ್ಬನಿ ಇಳಿಯುವ ಹೊತ್ತಿಗೆ, ಮೈ ಬಿಸಿಯಾಗದೆ, ನೇರ ಹೊರೆಗೆ ಕೈ ಹಾಕುವುದು ಹೃದಯಕ್ಕೆ ಕೆಟ್ಟ ಆರಂಭ. ಮೊದಲ ಕಾಲು ಗಂಟೆ ಉದುರಿದ ಅಡಿಕೆ ಹಾಳೆ ಹೆಕ್ಕುವುದು, ದಾರಿ ಸವರುವುದು, ಗೊನೆ ಬೀಳುವ ಜಾಗ ಚೊಕ್ಕ ಮಾಡುವುದು ಇಂಥ ಹಗುರ ಕೆಲಸ ಇಟ್ಟುಕೊಂಡರೆ ವಾರ್ಮ್ ಅಪ್ ಎಂಬ ಹೆಸರಿಲ್ಲದೆಯೇ ಅದು ಆಗಿಹೋಗುತ್ತದೆ.

ಬಿಪಿ ಮಾತ್ರೆ ನುಂಗುವವರು ನಿಂತು ಒಮ್ಮೆ ಅಳೆಯಬೇಕು. ಕೂತಾಗಿನದಕ್ಕಿಂತ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10 ಇಳಿದರೆ, ಮರದ ಮೇಲೆ ತಲೆ ತಿರುಗುವ ಸಾಧ್ಯತೆ ಇದೆ. ಮಾತ್ರೆ ನಿಲ್ಲಿಸುವುದು ಅದಕ್ಕೆ ಪರಿಹಾರವಲ್ಲ, ಹೊತ್ತು ಬದಲಿಸಲೋ ಪ್ರಮಾಣ ಬದಲಿಸಲೋ ಬರೆದುಕೊಟ್ಟವರನ್ನು ಕೇಳಬೇಕು. ಅಲ್ಲಿಯವರೆಗೆ ನೆಲದ ಕೆಲಸ.

ಈಗ ನಾಡಿ. ಹೆಬ್ಬೆರಳಿನ ಬುಡಕ್ಕೆ ಸರಿಯಾಗಿ ಮಣಿಕಟ್ಟಿನ ಮೇಲೆ ಎರಡು ಬೆರಳು ಇಡಿ. ಹೆಬ್ಬೆರಳು ಇಡಬಾರದು, ಅದರದೇ ಮಿಡಿತ ಲೆಕ್ಕಕ್ಕೆ ಸೇರಿಬಿಡುತ್ತದೆ. ವಿಶ್ರಾಂತಿಯ ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಮಿಡಿತದ ನಡುವಿನ ಅಂತರ ಏರುಪೇರಾಗಿ, ಲಯವೇ ಸಿಗದಂತಿದ್ದರೆ ಮುಂದಿನ ಲೆಕ್ಕ ಯಾವುದೂ ಅವರಿಗೆ ಹೊಂದುವುದಿಲ್ಲ, ಮೊದಲು ಇಸಿಜಿ ಆಗಬೇಕು. ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತೆಗೆದುಕೊಳ್ಳುವವರಿಗೂ ಈ ಲೆಕ್ಕ ಬೇಡ. ಆ ಮಾತ್ರೆ ನಾಡಿಯನ್ನು ಏರಲು ಬಿಡುವುದಿಲ್ಲ, ಅಂಕಿ ಚೆಂದ ಕಾಣುತ್ತದೆ, ಹೊರೆ ಮಾತ್ರ ಅಷ್ಟೇ ಇರುತ್ತದೆ. ಅವರು ಮಾತಿನ ಪರೀಕ್ಷೆ ಮಾಡಿಕೊಳ್ಳಬೇಕು. ಏರು ಹತ್ತುವಾಗ ಒಂದು ಪೂರ್ತಿ ವಾಕ್ಯ ಹೇಳಲು ಉಸಿರು ಸಾಕಾದರೆ ಸರಿ, ಎರಡು ಪದಕ್ಕೆ ನಿಲ್ಲಬೇಕಾಗಿ ಬಂದರೆ ಹೆಚ್ಚಾಯಿತು.

ಮಿತಿಯ ಲೆಕ್ಕ ಹೀಗೆ. ವಯಸ್ಸನ್ನು 0.7ರಿಂದ ಗುಣಿಸಿ 208ರಿಂದ ಕಳೆದರೆ ಅಂದಾಜು ಗರಿಷ್ಠ ನಾಡಿ ಸಿಗುತ್ತದೆ. 45 ವರ್ಷದವರಿಗೆ ಸುಮಾರು 176. ಬೆಳಗಿನ ನಾಡಿ 70 ಇದ್ದರೆ ನಡುವಿನ ಮೀಸಲು 106. ಎಂಟು ಗಂಟೆಯ ಕೆಲಸದಲ್ಲಿ ಸರಾಸರಿ ಈ ಮೀಸಲಿನ ಮೂರನೇ ಒಂದು ಭಾಗ ದಾಟಬಾರದು ಎಂಬುದು ಕೆಲಸದ ಶರೀರಶಾಸ್ತ್ರದಲ್ಲಿ ಬಹುಕಾಲದಿಂದ ಇರುವ ಅಂದಾಜು. ಅಂದರೆ 70ಕ್ಕೆ 35 ಕೂಡಿಸಿ 105. ಗಮನಿಸಿ, ಇದು ದಿನದ ಸರಾಸರಿ. ಹೊರೆ ಹೊತ್ತ ಐದು ನಿಮಿಷ 140 ಹೋಗಬಹುದು, ಆದರೆ ಮುಂದಿನ ಹತ್ತು ನಿಮಿಷ ಅದನ್ನು ಕೆಳಗೆ ಎಳೆಯುವಂತಿರಬೇಕು. 220ರಿಂದ ವಯಸ್ಸು ಕಳೆಯುವ ಹಳೇ ಲೆಕ್ಕವೂ ಚಲಾವಣೆಯಲ್ಲಿದೆ. ಎರಡೂ ಅಂದಾಜೇ, ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಮಿಡಿತ ಆಚೀಚೆ ಆಗುವುದು ಮಾಮೂಲು. ಅಂಕಿಗಿಂತ ಒಂದೇ ಮನುಷ್ಯನ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ನೋಡುವುದು ಮೇಲು.

ಓಡಾಟದ ನಡುವೆ ಎಣಿಸಲು ಆಗುವುದಿಲ್ಲ. ಕೆಲಸ ನಿಲ್ಲಿಸಿದ ಕೂಡಲೇ ಕೂರಿಸಿ ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಕು. ಒಂದು ಮಿಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ, ಇದು ನೆನಪಿರಲಿ. ಕೈಗೆ ಕಟ್ಟುವ ಸ್ಮಾರ್ಟ್ ವಾಚ್ ಇದ್ದರೆ ಸುಲಭವಲ್ಲವೇ ಅಂತ ಹುಡುಗರು ಕೇಳುತ್ತಾರೆ. ನಡಿಗೆಗೆ ಅದು ಸಾಕು. ದೋಟಿ (ನೆಲದಲ್ಲಿ ನಿಂತೇ ಗೊನೆ ಕೊಯ್ಯುವ ಉದ್ದ ಕೋಲು) ಬಿಗಿಹಿಡಿದ ಕೈಯಲ್ಲಿ, ಮರ ತಬ್ಬಿದ ಕೈಯಲ್ಲಿ, ಚಳಿಗೆ ತಣ್ಣಗಾದ ಕೈಯಲ್ಲಿ ಅದರ ಹಸಿರು ಬೆಳಕಿಗೆ ರಕ್ತದ ಹರಿವು ಸರಿಯಾಗಿ ಸಿಗುವುದಿಲ್ಲ. ಕೆಲವೊಮ್ಮೆ ಮಿಡಿತ ಬಿಟ್ಟು ಹೆಜ್ಜೆಯ ಲಯವನ್ನೇ ನಾಡಿ ಎಂದು ತೋರಿಸುತ್ತದೆ. ಕೊರೊನಾ ಕಾಲದಲ್ಲಿ ತಂದು ಕಪಾಟು ಸೇರಿದ ಆಕ್ಸಿಮೀಟರ್ ಪರವಾಗಿಲ್ಲ, ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅಡಿಕೆ ಚೊಗರು ಒರೆಸಿ ಹಾಕಿದರೆ.

ಆಮೇಲೆ ಮುಖ್ಯವಾದ ಮೂರು ಎಣಿಕೆ. ಕೈಗಾರಿಕೆಗಳ ಕೆಲಸಗಾರರಿಗಾಗಿ ಲೂಸಿಯನ್ ಬ್ರೂಹಾ ರೂಪಿಸಿದ ಕ್ರಮ ಇದು. ಕೂತ ಮೇಲೆ ಮೊದಲ ನಿಮಿಷದ ಕೊನೆಯ ಅರ್ಧ, ಎರಡನೇ ನಿಮಿಷದ ಕೊನೆಯ ಅರ್ಧ, ಮೂರನೇ ನಿಮಿಷದ ಕೊನೆಯ ಅರ್ಧ ಎಣಿಸಿ, ಪ್ರತಿಯೊಂದನ್ನೂ ಎರಡರಿಂದ ಗುಣಿಸಬೇಕು. ಮೊದಲನೆಯದು 110ರ ಒಳಗಿದ್ದು, ಮೂರನೆಯದು ಅದಕ್ಕಿಂತ ಕನಿಷ್ಠ ಹತ್ತು ಕಡಿಮೆ ಇದ್ದರೆ, ಅಥವಾ ಮೂರನೆಯದು 90ರ ಕೆಳಗೆ ಬಂದಿದ್ದರೆ ಮೈ ಸುಧಾರಿಸಿಕೊಳ್ಳುತ್ತಿದೆ. ಮೊದಲನೆಯದೇ 110 ದಾಟಿದರೆ ಮುಂದಿನ ಸುತ್ತಿನ ಕೆಲಸವನ್ನು ಮೂರನೇ ಒಂದು ಭಾಗ ಕಡಿಮೆ ಮಾಡಬೇಕು, ವಿಶ್ರಾಂತಿ ಅಷ್ಟೇ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕೂರುತ್ತಿದ್ದರೆ ಇನ್ನು ಹದಿಮೂರು ಹದಿನಾಲ್ಕಕ್ಕೆ. ಈ ಮೂರು ನಿಮಿಷದೊಳಗೆ ಬೀಡಿ ಹಚ್ಚಿದರೆ, ಹೊಗೆಸೊಪ್ಪು ಹಾಕಿ ಕವಳ ಮೆದ್ದರೆ ಎಣಿಕೆ ಹಾಳು. ನಿಕೋಟಿನ್ ನಾಡಿಯನ್ನೂ ಬಿಪಿಯನ್ನೂ ಏರಿಸುತ್ತದೆ, ಬರೀ ಅಡಿಕೆಯಲ್ಲಿರುವ ಅರೆಕೋಲಿನ್ ಕೂಡ ಎದೆ ಬಡಿತ ಹೆಚ್ಚಿಸಬಲ್ಲದು. ವಿಶ್ರಾಂತಿ ಎಂದರೆ ಕವಳ ಎಂದೇ ರೂಢಿಯಾದ ಊರಿನಲ್ಲಿ ಈ ಮಾತು ಹೇಳುವುದು ಕಷ್ಟ. ಆದರೆ ಕೂತು ಹತ್ತು ನಿಮಿಷವಾದರೂ ನಾಡಿ ಇಳಿಯದ್ದಕ್ಕೆ ಎಷ್ಟೋ ಸಲ ಕಾರಣ ಸಿಗುವುದು ದವಡೆಯಲ್ಲಿ.

ಮರ ಹತ್ತುವವರ ಲೆಕ್ಕ ಮಾಡೋಣ. ಸರಾಸರಿ 12 ಮೀಟರ್ ಏರಿ, ದಿನಕ್ಕೆ 50 ಮರ ಅಂತಿಟ್ಟುಕೊಂಡರೆ ಒಟ್ಟು 600 ಮೀಟರ್ ಏರು. ಮರದಿಂದ ಮರಕ್ಕೆ ದಾಟುವ ಕೈ ಪಳಗಿದ ಕೊನೆಗೌಡರಾದರೆ ಇನ್ನೂ ಕಡಿಮೆ. ಲಂಡನ್ ಕಂಡಕ್ಟರನ ಆರುನೂರು ಮೆಟ್ಟಿಲು, ಮೆಟ್ಟಿಲಿಗೆ 20 ಸೆಂಟಿಮೀಟರ್ ಎಂದರೂ, 120 ಮೀಟರ್ ಮಾತ್ರ. ಈಗ ಹೊರೆಯವನನ್ನು ನೋಡಿ. ತೋಟದಿಂದ ಅಂಗಳ 30 ಮೀಟರ್ ಎತ್ತರದಲ್ಲಿದ್ದು, ಇಪ್ಪತ್ತು ಸಲ ಹೊತ್ತರೆ ಅವನದೂ 600 ಮೀಟರೇ. ವ್ಯತ್ಯಾಸ ಇಷ್ಟೇ, ಅವನ ತಲೆ ಮೇಲೆ ಪ್ರತಿ ಸಲವೂ ಹೊರೆ ಇದೆ. ಮರ ಹತ್ತುವವನಿಗೆ ಹೆಚ್ಚು ಕೂಲಿ ಸಿಗುವುದು ಅಪಾಯಕ್ಕೆ, ಕೌಶಲಕ್ಕೆ. ನ್ಯಾಯವೇ. ಹೃದಯದ ದುಡಿಮೆಗೆ ಕೂಲಿ ಕೊಡುವುದಾದರೆ ಲೆಕ್ಕ ಬೇರೆಯಾದೀತು.

ಒಂದು ಸಲಕ್ಕೆ ಎಷ್ಟು ಹೊರಬೇಕು ಎಂಬಲ್ಲಿ ನಾವು ಹೇಳುವುದಕ್ಕೂ ಹೊರುವವರು ಹೇಳುವುದಕ್ಕೂ ಜಟಾಪಟಿ ಆಗುತ್ತದೆ. ಚೀಲ ತುಂಬಿ ಕೊಕ್ಕೆಗೆ ಹಾಕಿ ತೂಗಿ. ಹಸಿ ಅಡಿಕೆ ತುಂಬಿದ ಗೋಣಿ 50 ಕೆಜಿ ದಾಟುವುದು ಅಪರೂಪವಲ್ಲ. ಅರ್ಧ ಮಾಡಿ ಎನ್ನುತ್ತೇವೆ. ಅರ್ಧ ಮಾಡಿದರೆ ಎರಡು ಪಟ್ಟು ಹತ್ತಬೇಕಲ್ಲ ಎನ್ನುತ್ತಾರೆ. ಅವರ ಮಾತಿನಲ್ಲಿ ತೂಕವಿದೆ, ಲೆಕ್ಕ ಹಾಕಿ ನೋಡಿ. 60 ಕೆಜಿಯ ಮನುಷ್ಯ 500 ಕೆಜಿ ಅಡಿಕೆಯನ್ನು 30 ಮೀಟರ್ ಮೇಲೆ ತರಬೇಕು. 50 ಕೆಜಿಯಂತೆ ಹತ್ತು ಸಲ ತಂದರೆ ಎತ್ತುವ ಕೆಲಸ ಸುಮಾರು 323 ಕಿಲೋಜೂಲ್. 25 ಕೆಜಿಯಂತೆ ಇಪ್ಪತ್ತು ಸಲವಾದರೆ 500. ತನ್ನ ಮೈಯನ್ನೇ ಹತ್ತು ಸಲ ಹೆಚ್ಚಿಗೆ ಹೊತ್ತ ಹಾಗಾಯಿತು. 33 ಕೆಜಿಯಂತೆ ಹದಿನೈದು ಸಲಕ್ಕೆ 410 ಆಗುತ್ತದೆ. ಒಟ್ಟು ದುಡಿಮೆ ಮಾತ್ರ ನೋಡಿದರೆ ದೊಡ್ಡ ಹೊರೆಯೇ ಲಾಭ.

ಹೃದಯ ನೋಡುವುದು ಒಟ್ಟು ಮೊತ್ತ ಒಂದನ್ನೇ ಅಲ್ಲ. 50 ಕೆಜಿ ನೆಲದಿಂದ ಎತ್ತುವ ಕ್ಷಣದಲ್ಲಿ ಎಲ್ಲರೂ ಉಸಿರು ಕಟ್ಟುತ್ತಾರೆ. ಎದೆಯೊಳಗಿನ ಒತ್ತಡ, ಬಿಗಿದ ಸ್ನಾಯುವಿನ ಒತ್ತಡ ಎರಡೂ ಸೇರಿ ಬಿಪಿ ಒಮ್ಮೆಲೇ ಜಿಗಿಯುತ್ತದೆ. 1985ರಲ್ಲಿ ಭಾರ ಎತ್ತುವ ಗಟ್ಟಿಗರ ರಕ್ತನಾಳದೊಳಗೇ ನಳಿಕೆ ಇಟ್ಟು ಅಳೆದಾಗ, ಎರಡೂ ಕಾಲಿನಿಂದ ಅತಿ ಭಾರ ತಳ್ಳುವ ಹೊತ್ತಿಗೆ ಸರಾಸರಿ 320/250 ಬಂದಿತ್ತು. ತರಬೇತಾದ, ಆರೋಗ್ಯವಂತ ನಾಳ ಅದನ್ನು ಕೆಲವು ಕ್ಷಣ ತಾಳುತ್ತದೆ. ಒಳಗೆ ಕೊಬ್ಬು ಕಟ್ಟಿದ ಐವತ್ತೈದರ ನಾಳಕ್ಕೆ ಅದೇ ಜಿಗಿತ ಕುತ್ತಾಗಬಹುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗಂಡಸರ ಹೊರೆಗೆ 55 ಕೆಜಿಯ ಮಿತಿ ಶಿಫಾರಸು ಮಾಡಿತು. ಅಮೆರಿಕದ ಸುರಕ್ಷತಾ ಲೆಕ್ಕದಲ್ಲಿ, ಎಲ್ಲವೂ ಅನುಕೂಲವಿದ್ದಾಗಲೂ, ಎತ್ತಲು 23 ಕೆಜಿ. ಏರುದಾರಿ, ಜಾರುವ ಪಾಚಿ, ತಲೆ ಮೇಲಿನ ಹೊರೆ ಯಾವ ಲೆಕ್ಕದಲ್ಲೂ ಅನುಕೂಲವಲ್ಲ.

ನಡುದಾರಿ ಇದೆ. ಚೀಲವನ್ನು 30 ಕೆಜಿ ಆಸುಪಾಸಿಗೆ ಕಟ್ಟುವುದು, ನೆಲದಿಂದ ಎತ್ತುವುದನ್ನು ತಪ್ಪಿಸುವುದು. ಹಳೇ ದಾರಿಗಳ ಪಕ್ಕ ತಲೆಹೊರೆ ಇಳಿಸಲು ಹೊರೆಗಲ್ಲು ನೆಡುತ್ತಿದ್ದರು. ಹೆಗಲೆತ್ತರಕ್ಕೆ ಒಂದು ಚಪ್ಪಡಿ, ಬಗ್ಗದೆ ಜಾರಿಸಿ ಇಡಬಹುದು, ಬಗ್ಗದೆ ಮತ್ತೆ ತಲೆಗೆ ತೆಗೆದುಕೊಳ್ಳಬಹುದು. ಅದನ್ನು ನೆಟ್ಟವರಿಗೆ ಬಿಪಿ ಅಂದರೇನೆಂದು ಗೊತ್ತಿರಲಿಕ್ಕಿಲ್ಲ, ಕೆಲಸ ಗೊತ್ತಿತ್ತು. ತೋಟದ ದಾರಿಯಲ್ಲಿ ಕೆಳಗೊಂದು, ನಡುವೊಂದು, ಅಂಗಳದಲ್ಲೊಂದು ಅಷ್ಟೆತ್ತರದ ಅಟ್ಟಣೆ ಅಡಿಕೆ ದಬ್ಬೆಯಲ್ಲೇ ಕಟ್ಟಬಹುದು. ನಡುವಿನ ಅಟ್ಟಣೆಯಲ್ಲಿ ಹೊರೆ ಬದಲಾಯಿಸಿಕೊಂಡರೆ, ಕೆಳಗಿನವನು ಖಾಲಿ ಕೈಯಲ್ಲಿ ಇಳಿಯುವ ಹೊತ್ತೇ ವಿಶ್ರಾಂತಿ. ಎತ್ತುವಾಗ ಬಾಯಿಬಿಟ್ಟು ಉಸಿರು ಹೊರಹಾಕುತ್ತ ಎತ್ತಬೇಕು. ಇಬ್ಬರು ಸೇರಿ "ಹೂಂ" ಎಂದು ಎತ್ತುತ್ತಾರಲ್ಲ, ಆ ಸದ್ದೇ ಉಸಿರು ಕಟ್ಟಿಲ್ಲ ಎಂಬುದಕ್ಕೆ ಗುರುತು.

ಕೈಗಾಡಿ ಬಂದ ಕಡೆ, ಜೀಪಿನ ದಾರಿ ಆದ ಕಡೆ ಈ ತಾಪತ್ರಯ ಇಲ್ಲ. ಆದರೆ ತುಂಬಿದ ಒಂಟಿಗಾಲಿಯ ಗಾಡಿಯನ್ನು ಏರಿಗೆ ತಳ್ಳುವುದು ಹೊರುವುದಕ್ಕಿಂತ ಹಗುರ ಎಂದುಕೊಂಡರೆ ತಪ್ಪು. ನಾಡಿ ಎಣಿಸಿದರೆ ತಿಳಿಯುತ್ತದೆ.

ದೋಟಿಯ ವಿಚಾರದಲ್ಲೂ ಇಂಥದೇ ಒಂದು ಭ್ರಮೆ. ಫೈಬರ್ ದೋಟಿ ಬಂದ ಮೇಲೆ ಬೀಳುವ ಭಯ ಹೋಯಿತು, ಇದು ದೊಡ್ಡ ಮಾತು. ಆದರೆ ಕೈ ತಲೆಯ ಮೇಲೆ ಎತ್ತಿ, ಬಿಗಿ ಹಿಡಿದು, ಕತ್ತು ಹಿಂದಕ್ಕೆ ಬಾಗಿಸಿ ನಿಲ್ಲುವುದು ಸ್ಥಿರ ಶ್ರಮ. ಕಾಲಿನ ಕೆಲಸಕ್ಕೆ ಹೋಲಿಸಿದರೆ ಅಷ್ಟೇ ಶಕ್ತಿ ಖರ್ಚಾಗುವ ಕೈ ಕೆಲಸದಲ್ಲಿ ನಾಡಿ, ಬಿಪಿ ಎರಡೂ ಹೆಚ್ಚು ಏರುತ್ತವೆ. ಬೆವರು ಬರದ ಕಾರಣ ಹಗುರ ಅನಿಸುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಕೈ ಬದಲಾಗಬೇಕು. ದೋಟಿ ಹಿಡಿದವನು ಗೊನೆ ಹೆಕ್ಕಲಿ, ಹೆಕ್ಕುತ್ತಿದ್ದವನು ದೋಟಿ ಹಿಡಿಯಲಿ. ಚೇಣಿ (ಫಸಲಿನ ಗುತ್ತಿಗೆ) ಕೊಟ್ಟ ತೋಟದಲ್ಲಿ, ಗೊನೆ ಲೆಕ್ಕದ ಕೂಲಿಯಲ್ಲಿ ಇದು ನಡೆಯುವುದು ಕಷ್ಟ. ನಿಂತ ನಿಮಿಷಕ್ಕೆ ಕಾಸಿಲ್ಲವಾದರೆ ಯಾರೂ ನಿಲ್ಲುವುದಿಲ್ಲ. ಕೂರುವ ಹೊತ್ತನ್ನು ಕೂಲಿಯಲ್ಲಿ ಸೇರಿಸದೆ ನಾಡಿ ಇಳಿಸಲು ಬರುವುದಿಲ್ಲ ಎಂಬುದನ್ನು ತೋಟದ ಯಜಮಾನರಿಗೆ ಮುಖಕ್ಕೇ ಹೇಳಬೇಕಾಗುತ್ತದೆ.

ನಡುವೆ ಯಾರಾದರೂ ಎದೆ ಉಜ್ಜಿಕೊಂಡು ಕೂತರೆ ಎಣಿಕೆ ಅಲ್ಲಿಗೆ ಬಿಡಿ. "ಏನಿಲ್ಲ ಮಾರಾಯ್ರೆ, ಗ್ಯಾಸ್ಟ್ರಿಕ್" ಎಂಬ ಉತ್ತರ ಸಿದ್ಧವಾಗಿರುತ್ತದೆ. ಏರು ಹತ್ತುವಾಗ ಬಂದು, ನಿಂತರೆ ಐದು ನಿಮಿಷದಲ್ಲಿ ಹೋಗುವ ಎದೆಯ ಬಿಗಿ ಗ್ಯಾಸ್ಟ್ರಿಕ್ ಅಲ್ಲ, ಅದು ನಾಳ ಕಿರಿದಾಗಿರುವ ಸೂಚನೆ, ಆ ವಾರದಲ್ಲೇ ತೋರಿಸಬೇಕು. ನಿಂತರೂ ಹೋಗದ ಎದೆಭಾರ, ದವಡೆಗೆ, ತೋಳಿಗೆ, ಬೆನ್ನಿಗೆ ಹಬ್ಬುವ ನೋವು, ತಣ್ಣನೆಯ ಬೆವರು, ವಾಂತಿ ಬಂದ ಹಾಗಾಗುವುದು, ಇವಿದ್ದರೆ ಸೋಡಾ, ಜೀರಿಗೆ ಕಷಾಯ ಅಂತ ಅರ್ಧ ಗಂಟೆ ಕಳೆಯಬಾರದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಉಸಿರು ಸಿಕ್ಕಿಕೊಂಡು ವಿಪರೀತ ಸುಸ್ತಾಗಿ ಬರಬಹುದು. ಕೂರಿಸಿ, ನಡೆಸಬೇಡಿ. 108ಕ್ಕೆ ಕರೆ ಮಾಡಿ. ಆಸ್ಪಿರಿನ್ ಅಲರ್ಜಿ ಇಲ್ಲದಿದ್ದರೆ, ಎಲ್ಲೂ ರಕ್ತಸ್ರಾವ ಇಲ್ಲದಿದ್ದರೆ 325 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ತೋಟದಲ್ಲಿ ನೆಟ್‌ವರ್ಕ್ ಸಿಗುವ ಜಾಗ ಯಾವುದು, ಆಂಬುಲೆನ್ಸ್ ಎಲ್ಲಿಯವರೆಗೆ ಬರುತ್ತದೆ, ಅಲ್ಲಿಗೆ ಕುರ್ಚಿಯಲ್ಲಿ ಕೂರಿಸಿ ಹೊರುವವರು ಯಾರು, ಇವು ಕೊಯ್ಲು ಶುರುವಾಗುವ ಮುಂಚೆ ತಿಳಿದಿರಬೇಕು. ಆಸ್ಪತ್ರೆ ಮುಟ್ಟಿದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ನಿಯಮ. ತೀರ್ಥಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ 60 ಕಿಲೋಮೀಟರಿನಷ್ಟು ದಾರಿ, ಆ ಹೊತ್ತನ್ನು ಹೃದಯ ಕಾಯುವುದಿಲ್ಲ. ರಾಜ್ಯ ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ ಮಾಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ಮೊದಲು ಹತ್ತಿರದ ತಾಲೂಕು ಆಸ್ಪತ್ರೆ, ದೊಡ್ಡ ಆಸ್ಪತ್ರೆ ಆಮೇಲೆ.

ಏರಿನಲ್ಲಿ ಎದೆ ಬಿಗಿ ಬರುತ್ತದೆ ಎಂದವರಿಗೆ ಡಾಕ್ಟರು ಟಿಎಂಟಿ, ಅಂದರೆ ಓಡುವ ಪಟ್ಟಿಯ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ, ಬರೆದಾರು. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಪಟ್ಟಿ ಗಂಟೆಗೆ 2.7 ಕಿಲೋಮೀಟರ್ ವೇಗದಲ್ಲಿ, ನೂರಕ್ಕೆ ಹತ್ತರ ಏರಿನಲ್ಲಿ ಶುರುವಾಗಿ, ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತದೆ. ಒಂಬತ್ತು ನಿಮಿಷ ಪೂರೈಸಿದರೆ ಸುಮಾರು 10 ಮೆಟ್ ಸಾಮರ್ಥ್ಯ. ಒಂದು ಮೆಟ್ ಎಂದರೆ ಸುಮ್ಮನೆ ಕೂತಾಗಿನ ಖರ್ಚು. ರಿಪೋರ್ಟಿನಲ್ಲಿ 8 ಮೆಟ್ ಬಂದವರಿಗೆ, ಮೇಲಿನ ಮೂರನೇ ಒಂದು ಭಾಗದ ಅಂದಾಜಿನಲ್ಲಿ, ದಿನದ ಸರಾಸರಿಗೆ ಸಿಗುವುದು 2.7 ಮೆಟ್, ಅಂದರೆ ನಿಧಾನ ನಡಿಗೆಯಷ್ಟು. ಅಗೆತವೇ 5 ಮೆಟ್ ಸುಮಾರಿಗೆ ಬರುತ್ತದೆ. ದಿನವಿಡೀ ಅಗೆಯುವುದು ಅವರಿಂದಾಗದು, ಒಂದು ತಾಸು ಆದೀತು. ಟಿಎಂಟಿ ನಾರ್ಮಲ್ ಬಂತು ಎಂದು ಮಾರನೆ ದಿನ 50 ಕೆಜಿ ಹೊರುವವರಿದ್ದಾರೆ. ಆ ಪರೀಕ್ಷೆ ನೋಡಿದ್ದು ಖಾಲಿ ಕೈಯ ನಡಿಗೆಯನ್ನು. ಉಸಿರು ಕಟ್ಟಿ ಎತ್ತುವುದನ್ನು ಅದು ನೋಡಿಯೇ ಇಲ್ಲ.

ಅಡಿಕೆ ಬೇಯಿಸುವ ಒಲೆಯ ಹತ್ತಿರ ಇನ್ನೊಂದು ಎಡವಟ್ಟು. ಹಸಿ ಕಟ್ಟಿಗೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮೀರಿ ಗಟ್ಟಿಯಾಗಿ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಳ್ಳುತ್ತದೆ. ಆಕ್ಸಿಮೀಟರಿಗೆ ಎರಡರ ವ್ಯತ್ಯಾಸ ತಿಳಿಯದು, 98 ಎಂದೇ ತೋರಿಸುತ್ತದೆ. ನಾಡಿ ಮಾತ್ರ ಕೆಲಸಕ್ಕೆ ಮೀರಿ ಏರಿರುತ್ತದೆ, ತಲೆನೋವೂ ಇರುತ್ತದೆ. ಅದೇ ಸುಳಿವು. ಮೂರು ಕಡೆ ತಟ್ಟಿ ಕಟ್ಟಿದ ಮಾಡಿನೊಳಗೆ ಒಲೆ ಹೂಡಬಾರದು, ಗಾಳಿ ಬರುವ ಕಡೆ ನಿಂತು ಜಾಲರಿ ಸೌಟು ಆಡಿಸಬೇಕು, ಕಟ್ಟಿಗೆ ಕಳೆದ ಬೇಸಿಗೆಯದ್ದಾಗಿರಬೇಕು.

ರಾತ್ರಿ ಸುಲಿಯುವ ಹೊತ್ತು. ಮೆಟ್ಟುಗತ್ತಿಯ ಮುಂದೆ ನಾಲ್ಕೈದು ತಾಸು ಕದಲದೆ ಕೂರುವುದು, ಅದೂ ಹಗಲಿಡೀ ಹೊರೆ ಹೊತ್ತವರು. ಒಂದೇ ದಿನದಲ್ಲಿ ಅತಿ ಶ್ರಮವೂ ಆಯಿತು, ಅತಿ ಕೂರುವುದೂ ಆಯಿತು. ಅರ್ಧ ಗಂಟೆಗೊಮ್ಮೆ ಎದ್ದು ಎರಡು ಮೂರು ನಿಮಿಷ ಓಡಾಡಿದರೆ ಊಟದ ನಂತರದ ಸಕ್ಕರೆ, ಬಿಪಿ ಎರಡಕ್ಕೂ ಒಳ್ಳೆಯದು. ನೆನಪಿಸಲು ಗಡಿಯಾರ ಬೇಡ. ತುಂಬಿದ ಡಬ್ಬವನ್ನು ಸುಲಿದವರೇ ಎದ್ದು ಹೋಗಿ ರಾಶಿಗೆ ಸುರಿದು ಬರುವ ಏರ್ಪಾಟು ಸಾಕು. ಮಕ್ಕಳ ಕೈಯಲ್ಲಿ ಡಬ್ಬ ಒಯ್ಯಿಸುವ ರೂಢಿ ಬಿಟ್ಟರಾಯಿತು.

ಬೇಸಾಯದ ಜೊತೆ ಬೆಳಿಗ್ಗೆ ವಾಕಿಂಗೂ ಬೇಕೇ ಎಂದು ಕೇಳುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ಚಟುವಟಿಕೆ ಇವರಿಗೂ ಅನ್ವಯಿಸುತ್ತದೆ, ಆದರೆ ಕೊಯ್ಲಿನ ತಿಂಗಳಲ್ಲಿ ಅದನ್ನು ಮೇಲೆ ಹೇರಬಾರದು. ಡೆನ್ಮಾರ್ಕಿನಲ್ಲಿ ಸ್ವಚ್ಛತಾ ಕೆಲಸಗಾರರಿಗೆ ಕೆಲಸದ ಜೊತೆಗೇ ಏರೋಬಿಕ್ ವ್ಯಾಯಾಮ ಕೊಟ್ಟು ನೋಡಿದಾಗ ಸಾಮರ್ಥ್ಯ ಹೆಚ್ಚಿತು, ವಿಶ್ರಾಂತಿಯ ನಾಡಿ ಇಳಿಯಿತು, ಜೊತೆಗೆ ದಿನವಿಡೀ ಅಳೆದ ಮೇಲಿನ ಬಿಪಿ ಸ್ವಲ್ಪ ಏರಿತು. ಆಗಲೇ ತುಂಬಿದ ಚೀಲಕ್ಕೆ ಇನ್ನಷ್ಟು ತುರುಕಿದ ಹಾಗೆ. ಕೆಲಸ ಕಡಿಮೆಯಿರುವ ಮಳೆಗಾಲದಲ್ಲಿ ಉದ್ದ ಜಗುಲಿಯಲ್ಲಿ ಬಿರುಸಾಗಿ ಅರ್ಧ ಗಂಟೆ, ಬೇಸಿಗೆಯಲ್ಲಿ ಬೆಟ್ಟದ ದಾರಿಯಲ್ಲಿ ಖಾಲಿ ಕೈಯಲ್ಲಿ, ಹೀಗೆ ಮೀಸಲು ಬೆಳೆಸಿಕೊಂಡರೆ ನವೆಂಬರಿನ ಹೊರೆ ಅದೇ ಹೃದಯಕ್ಕೆ ಹಗುರವಾಗುತ್ತದೆ.

ಮಾರನೆ ಬೆಳಿಗ್ಗೆ ಮತ್ತೆ ಅದೇ ಕುರ್ಚಿ, ಅದೇ ಐದು ನಿಮಿಷ. ನಿನ್ನೆ 70 ಇದ್ದ ನಾಡಿ ಇವತ್ತು 78 ಬಂದರೆ, ಜ್ವರವಿಲ್ಲದಿದ್ದರೆ, ರಾತ್ರಿ ನಿದ್ದೆಯೂ ಆಗಿದ್ದರೆ, ಮೈ ನಿನ್ನೆಯದನ್ನೇ ಇನ್ನೂ ತೀರಿಸುತ್ತಿದೆ. ಒಂದು ದಿನದ್ದಕ್ಕೆ ಹೆದರಬೇಕಿಲ್ಲ. ಮೂರು ದಿನ ಹಾಗೇ ಬಂದರೆ ಆ ಮನುಷ್ಯನನ್ನು ಏರುದಾರಿಯಿಂದ ತೆಗೆದು ಎರಡು ದಿನ ಗೊನೆ ಹೆಕ್ಕಲು, ಅಡಿಕೆ ಹರವಲು ಹಾಕಿ, ಮತ್ತೆ ಎಣಿಸಿ. ನೋಟ್‌ಬುಕ್ಕಿನಲ್ಲಿ ಒಬ್ಬರಿಗೆ ಒಂದೇ ಪುಟ, ಒಂದು ದಿನಕ್ಕೆ ಒಂದೇ ಸಾಲು: ಬೆಳಗಿನ ಬಿಪಿ, ಬೆಳಗಿನ ನಾಡಿ, ಹೊತ್ತ ಚೀಲದ ತೂಕ, ಎಷ್ಟು ಸಲ, ಕೂತ ಮೇಲಿನ ಮೂರು ಎಣಿಕೆ. ಡಾಕ್ಟರ ಹತ್ತಿರ ಹೋಗುವಾಗ ಆ ಪುಟದ ಫೋಟೋ ಮೊಬೈಲಿನಲ್ಲಿರಲಿ.